ರಸ್ತೆಗೂ ಗದ್ದೆಗೂ ಒಂದೇ ಬ್ರೇಕು

ಮನುಷ್ಯನಿಗೆ ಓಡುವುದಕ್ಕಿಂತ ನಿಲ್ಲುವುದೇ ಕಷ್ಟ ಎಂದು ಹಿರಿಯರು ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳದೆ ಹೋಗಿದ್ದರೆ ಈಗ ನಾನು ಹೇಳುತ್ತಿದ್ದೇನೆ, ನನ್ನ ಹೆಸರಿಗೇ ಬರೆದುಕೊಳ್ಳಿ. ಕಾರು ಕೊಳ್ಳಲು ಹೋಗಿ ನೋಡಿ. ಅದು ಹೇಗೆ ನುಗ್ಗುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ, ಒಳಗೆ ಹಾಡು ಹೇಗೆ ಕೇಳಿಸುತ್ತದೆ ಎಂದು ಟೈ ಕಟ್ಟಿಕೊಂಡವರು ಬಾಯಿ ನೋಯುವಷ್ಟು ಹೇಳುತ್ತಾರೆ. ಹೇಗೆ ನಿಲ್ಲುತ್ತದೆ ಎಂದು ಕೇಳಿದಿರೋ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಬ್ರೇಕ್ ಒತ್ತಿದ್ರೆ ನಿಲ್ಲುತ್ತೆ ಸಾರ್" ಎನ್ನುತ್ತಾರೆ. ಅಬ್ಬಬ್ಬಾ, ಎಂಥ ವಿದ್ಯೆ! ಒತ್ತಿದರೆ ನಿಲ್ಲುವ ಹಾಗಿದ್ದರೆ ನಾನು ಈ ಪ್ರಬಂಧವನ್ನು ಬರೆಯಬೇಕಾಗಿರಲಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೊಂದು ಹುಚ್ಚಿದೆ. ಕುಶಾಲನಗರದಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ನೋಡಿಕೊಳ್ಳುವ, ತಲೆಯ ಮುಂಭಾಗ ಬಯಲಾದ, ಮಂಡಿ ಆಗಾಗ ಕಟಕ್ ಎನ್ನುವ ನಾನು ವರ್ಷಕ್ಕೊಂದು ಭಾನುವಾರ ಹೆಲ್ಮೆಟ್ ಹಾಕಿಕೊಂಡು ಗದ್ದೆಯಲ್ಲಿ ಕಾರು ಓಡಿಸುತ್ತೇನೆ. ಹೊರಗಿನವರಿಗೆ ಟ್ರ್ಯಾಕ್ ಎಂದರೆ ಕಪ್ಪು ಡಾಂಬರು, ಬಿಳಿ ಗೆರೆ. ನಮ್ಮ ಕೊಡಗಿನಲ್ಲಿ ಭತ್ತ ಕೊಯ್ದು ಕಳ ಮುಗಿದ ಮೇಲೆ ಒಣಗಿದ ಗದ್ದೆಯ ಬದು ಕಡಿದು, ಹಳೇ ಟೈರು ಜೋಡಿಸಿ, ಬಾವುಟ ನೆಟ್ಟರೆ ಅದೇ ಟ್ರ್ಯಾಕ್. ಅದಕ್ಕೆ ಆಟೋಕ್ರಾಸ್ ಎಂದು ಹೆಸರು. ಒಬ್ಬೊಬ್ಬರಾಗಿ ಧೂಳೆಬ್ಬಿಸಿಕೊಂಡು ಸುತ್ತಿ ಬರಬೇಕು, ಕಡಿಮೆ ಹೊತ್ತಿನಲ್ಲಿ ಬಂದವನು ಗೆದ್ದ. ಕಾರಿದ್ದವರಿಗೆಲ್ಲ ಅಲ್ಲಿ ಲೋಕಲ್ ಕ್ಲಾಸ್ ಎಂಬ ಒಂದು ವಿಭಾಗ ಇರುತ್ತದೆ, ನನ್ನಂಥವರ ಮಾನ ಹೋಗುವುದಕ್ಕೆಂದೇ ಇಟ್ಟದ್ದು.

ಹೋದ ವರ್ಷ ನನ್ನ ಮಾನ ಹೋದದ್ದು ಹೀಗೆ. ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಕಾರು ನನ್ನ ಮಾತನ್ನು ಕೇಳಿಸಿಕೊಂಡಿತು, ಒಪ್ಪಿಕೊಳ್ಳಲಿಲ್ಲ. ನೇರವಾಗಿ ಹೋಗಿ ಹಂದಿ ಮಾಂಸದ ಪಂದಿ ಕರಿ ಮತ್ತು ಅಕ್ಕಿ ತರಿಯ ಉಂಡೆ ಕಡಂಬುಟ್ಟು ಮಾರುವ ಚಪ್ಪರದ ಕಂಬಕ್ಕೆ ಮೆತ್ತಗೆ ಮುತ್ತಿಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮೈಕ್ ಹಿಡಿದಿದ್ದ ಪುಣ್ಯಾತ್ಮ, "ಗೌಡ್ರಿಗೆ ಹಸಿವಾಗಿದೆ, ಒಂದು ಪ್ಲೇಟ್ ಬೇಗ ಕೊಡಿ" ಎಂದ. ಇಡೀ ಗದ್ದೆ ನಕ್ಕಿತು. ಮನುಷ್ಯನ ಪ್ರಾಣ ಹೋಗುವ ಹೊತ್ತಿನಲ್ಲಿ ಊಟದ ಮಾತಾಡುವ ಇಂಥವರ ಕೈಗೆ ಮೈಕ್ ಕೊಟ್ಟವರು ಯಾರು ಎಂದು ನಾನು ಇಂದಿಗೂ ಕೇಳುತ್ತಿದ್ದೇನೆ.

ಈ ವರ್ಷ ಬ್ರೇಕನ್ನು ಸರಿಮಾಡಿಕೊಂಡೇ ಗದ್ದೆಗೆ ಇಳಿಯುವುದೆಂದು ಹಠ ತೊಟ್ಟೆ. ತೊಡಕು ಇದ್ದದ್ದು ಮನೆಯಲ್ಲಿ. ನಮ್ಮಲ್ಲಿರುವುದು ಒಂದೇ ಕಾರು, ಅದು ಭಾನುವಾರವನ್ನು ಬಿಟ್ಟರೆ ನನ್ನ ಹೆಂಡತಿ ಸುಮಿತ್ರಳದು. ಆಕೆ ಮಡಿಕೇರಿಯ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಜನ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆಂದು ನಸುಕಿನಲ್ಲೇ ಹೊರಡುತ್ತಾಳೆ. ನಮ್ಮ ಮನೆ ಇರುವುದು ಸುಂಟಿಕೊಪ್ಪದಿಂದ ಒಳಕ್ಕೆ, ಎಸ್ಟೇಟುಗಳ ನಡುವೆ. ಬೆಳಿಗ್ಗೆ ಘಟ್ಟ ಹತ್ತಿ ಹೋಗಿ ಸಂಜೆ ಇಳಿದು ಬರುತ್ತಾಳೆ. ನಾನು ಕೆಲಸಕ್ಕೆ ಹೋಗುವುದು ಬಸ್ಸಿನಲ್ಲಿ. ಪ್ಯಾಡ್ ಬದಲಾಯಿಸುವ ಮಾತೆತ್ತಿದಾಗ ಆಕೆ ಲೋಟ ಕೆಳಗಿಟ್ಟು ಒಂದೇ ಮಾತು ಹೇಳಿದಳು: "ಏನ್ ಬೇಕಾದ್ರೂ ಹಾಕ್ಕೊಳ್ಳಿ. ಸೋಮವಾರ ಬೆಳಿಗ್ಗೆ ನಾನು ಒತ್ತಿದ್ರೆ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ನಿಮ್ಮ ಗದ್ದೆ ಆಟ ಈ ಜನ್ಮಕ್ಕೆ ಮುಗೀತು." ಹೀಗೆ ನನ್ನ ಭಾನುವಾರ ಆಕೆಯ ಸೋಮವಾರದ ಕೈಯಲ್ಲಿ ಸಿಕ್ಕಿಕೊಂಡಿತು.

ಬ್ರೇಕ್ ಪ್ಯಾಡ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಕ್ರದ ಜೊತೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ. ಅದನ್ನು ಎರಡು ಕಡೆಯಿಂದ ಅದುಮಿ ಹಿಡಿಯುವ ಬಿಲ್ಲೆಗಳೇ ಪ್ಯಾಡು. ಅಂಗೈಯಗಲದ ಈ ಬಿಲ್ಲೆಗಳಿಗೆ ಇರುವ ಜಂಬ ಮದುವೆ ಮನೆಯ ಬೀಗರಿಗೂ ಇಲ್ಲ. ರಸ್ತೆಯ ಪ್ಯಾಡು ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ. ಆದರೆ ಮೇಲಿಂದ ಮೇಲೆ ಒತ್ತಿ ಬಿಸಿಯಾಯಿತೋ, ಕೈಬಿಡುತ್ತದೆ. ರೇಸಿನದು ಬಿಸಿಯಾದಷ್ಟೂ ಕಚ್ಚಿ ಹಿಡಿಯುತ್ತದೆ. ತಣ್ಣಗಿದ್ದರೆ ಮಾತ್ರ ತನಗೂ ಕಾರಿಗೂ ಸಂಬಂಧವೇ ಇಲ್ಲದ ಹಾಗೆ ಸುಮ್ಮನಿರುತ್ತದೆ. ನಾನು ಕೇಳಿದ್ದು ಎರಡಕ್ಕೂ ಆಗುವ ಒಂದು ಪ್ಯಾಡು. ನಾನೇನು ಆಕಾಶದ ಚಂದ್ರನನ್ನು ಕೇಳಿದೆನೇ? ಮನುಷ್ಯ ಚಂದ್ರನ ಮೇಲೆ ಯಂತ್ರ ಇಳಿಸಿದ್ದಾನಂತೆ. ಅದನ್ನು ಇಳಿಸುವಾಗ ಬ್ರೇಕ್ ಹಾಕಿದವರು ಯಾರೋ ಇದ್ದಿರಲೇಬೇಕಲ್ಲ!

ಕುಶಾಲನಗರದ ಬಿಡಿಭಾಗದ ಅಂಗಡಿಗೆ ಹೋದೆ. "ರಸ್ತೆಗೂ ಟ್ರ್ಯಾಕಿಗೂ ಆಗುವ ಪ್ಯಾಡ್ ಇದೆಯಾ?" ಎಂದೆ. "ಯಾವ ಟ್ರ್ಯಾಕ್ ಸಾರ್?" ಎಂದ ಅಂಗಡಿಯವನು. "ಟ್ರ್ಯಾಕ್ ಕಣಪ್ಪಾ, ಗದ್ದೆ" ಎಂದೆ. "ಓಹೋ ಟ್ರ್ಯಾಕ್ಟರಿಗಾ? ಪಕ್ಕದ ಅಂಗಡಿಗೆ ಹೋಗಿ ಸಾರ್." ಟ್ರ್ಯಾಕ್ಟರ್ ಅಲ್ಲ, ಕಾರು ಎಂದೆ. "ಕಾರನ್ನ ಯಾಕೆ ಗದ್ದೆಗೆ ಇಳಿಸ್ತೀರಾ?" ಎಂದು ಕಳಕಳಿಯಿಂದ ಕೇಳಿದ. ಅಷ್ಟರಲ್ಲಿ ಅಲ್ಲಿ ಹೋಸ್ ಪೈಪು ಅಳೆಸುತ್ತಿದ್ದ ಇನ್ನೊಬ್ಬ ಗಿರಾಕಿ, "ಉಳೋಕೆ ಬಾಡಿಗೆ ಟಿಲ್ಲರ್ ಸಿಗುತ್ತಲ್ಲ ಸಾರ್, ಕಾರು ಯಾಕೆ ಹಾಳು ಮಾಡ್ಕೋತೀರಿ" ಎಂದು ಉಪದೇಶವನ್ನೂ ಮಾಡಿದ. ನಾನು ಹೊರಗೆ ಬಂದೆ. ಇಡೀ ಕೊಡಗು ಗದ್ದೆಯಲ್ಲಿ ರೇಸ್ ಆಡುತ್ತದೆ ಎಂದು ಜಂಬ ಕೊಚ್ಚಿಕೊಳ್ಳುವ ನಾವು ನಮ್ಮ ಪೇಟೆಯ ಅಂಗಡಿಯವನಿಗೇ ಅದನ್ನು ತಿಳಿಸಿಲ್ಲವಲ್ಲ ಎಂದು ಸಿಟ್ಟು ಬಂತು.

ಇಂಟರ್ನೆಟ್ಟಿನಲ್ಲಿ ಕೇಳಿದೆ. ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿದೆ, ಅದೇ ತೊಂದರೆ. ಒಬ್ಬ ಸೆರಾಮಿಕ್ ಪ್ಯಾಡ್ ಹಾಕು ಎಂದ, ಇನ್ನೊಬ್ಬ ಸೆರಾಮಿಕ್ ಹಾಕುವವನು ಮೂರ್ಖ ಎಂದ, ಮೂರನೆಯವನು ಇಬ್ಬರ ವಂಶವನ್ನೂ ಜಾಲಾಡಿದ. ನಾಲ್ಕನೆಯವನು ಮಾತ್ರ ಸಭ್ಯನಾಗಿ, "ನಿಮ್ಮ ಟ್ರ್ಯಾಕಿನಲ್ಲಿ ತಟ್ಟೆ ಎಷ್ಟು ಡಿಗ್ರಿಗೆ ಏರುತ್ತದೆ?" ಎಂದು ಕೇಳಿದ್ದ. ನಮ್ಮ ಗದ್ದೆಯಲ್ಲಿ ಡಿಗ್ರಿ ಅಳೆಯುವುದು ಜ್ವರ ಬಂದವರಿಗೆ ಮಾತ್ರ.

ಕೊನೆಗೆ ದಾರಿ ತೋರಿದವನು ಗೆಳೆಯ ಪೊನ್ನಪ್ಪ. ಕಕ್ಕಬೆ ಕಡೆಯ ಪ್ಲಾಂಟರು, ಗದ್ದೆಯಲ್ಲಿ ಕಪ್ ಗೆದ್ದವನು. ಆದ್ದರಿಂದ ಯಾವ ವಿಷಯದಲ್ಲೂ ಅನುಮಾನ ಇಲ್ಲದವನು. "ಎಂತ ಗೌಡ ಇಷ್ಟು ಯೋಚನೆ? ನನ್ನ ಹತ್ರ ಒಂದು ಸೆಟ್ ರೇಸ್ ಪ್ಯಾಡ್ ಉಂಟು, ಹೊಸದು. ಹಾಕು ಮಾರಾಯ. ಗದ್ದೆಯಲ್ಲಿ ನಿಲ್ಲುವ ಪ್ಯಾಡು ರಸ್ತೆಯಲ್ಲಿ ನಿಲ್ಲೂದಿಲ್ವಾ?" ಎಂದ. ತರ್ಕ ಸರಿಯಾಗಿಯೇ ಕಂಡಿತು. ಮೆಕ್ಯಾನಿಕ್ ಶಾಜಿಯ ಬಳಿ ಕೊಂಡುಹೋದೆ. ಶಾಜಿ ಕುಟ್ಟ ಕಡೆಯಿಂದ ಬಂದು ನಮ್ಮಲ್ಲಿ ಗ್ಯಾರೇಜ್ ಹಾಕಿದವನು. ಅವನಿಗೆ ಗಿರಾಕಿ ಏನು ತಂದರೂ ಒಳ್ಳೆಯದೇ. "ಸೂಪರ್ ಐಟಂ ಸಾರ್, ಕಣ್ಣುಮುಚ್ಚಿ ಓಡಿಸಿ" ಎಂದ. ಬ್ರೇಕ್ ಹಾಕಿಸಲು ಬಂದವನಿಗೆ ಕಣ್ಣು ಮುಚ್ಚು ಎನ್ನುವುದು ಎಂಥ ಆಶೀರ್ವಾದ ಎಂದು ನನಗೆ ಆಗ ಹೊಳೆಯಲಿಲ್ಲ.

ಹೊಸ ಪ್ಯಾಡನ್ನು ಪಳಗಿಸಬೇಕಂತೆ. ಅಂದರೆ ವೇಗವಾಗಿ ಹೋಗಿ ಗಟ್ಟಿಯಾಗಿ ಒತ್ತುವುದು, ಮತ್ತೆ ಹೋಗುವುದು, ಮತ್ತೆ ಒತ್ತುವುದು. ಇದನ್ನು ಮಾಡಲು ಹಾರಂಗಿ ಕಡೆಯ ರಸ್ತೆಗೆ ಹೋದೆ. ಕಾರು ಬಿಕ್ಕಳಿಕೆ ಬಂದವರಂತೆ ಹೋಯಿತು. ಮೊದಲ ಸಲ ನಿಂತಲ್ಲಿ ಒಬ್ಬ ಹೆಂಗಸು ಲಿಫ್ಟ್ ಕೊಡಲು ನಿಂತನೆಂದು ಓಡೋಡಿ ಬಂದಳು, ಅಷ್ಟರಲ್ಲಿ ನಾನು ಹೊರಟೆ. ಆಕೆ ಬೈದದ್ದು ನನಗೆ ಕನ್ನಡಿಯಲ್ಲೇ ಕಂಡಿತು. ಮುಂದೆ ಮೋರಿಕಟ್ಟೆಯ ಮೇಲೆ ಕೂತಿದ್ದ ಒಬ್ಬರು ಅಜ್ಜ ನಾನು ಹೋಗುವಾಗಲೂ ಬರುವಾಗಲೂ ತಮ್ಮೆದುರೇ ನಿಂತದ್ದನ್ನು ನೋಡಿ, "ಯಾರ ಮನೆ ಬೇಕು ಹೇಳಪ್ಪ, ಹಿಂಗೆ ಹುಡುಕಿದ್ರೆ ಸಿಕ್ಕಲ್ಲ" ಎಂದರು. ಯಾರ ಮನೆಯೂ ಬೇಡ ಅಜ್ಜ ಎಂದೆ. "ಹಂಗಾದ್ರೆ ನಿಮ್ಮ ಮನೆಗೆ ಹೋಗು" ಎಂದರು. ಒಳ್ಳೆಯ ಬುದ್ಧಿಮಾತೇ. ಆದರೂ ಕೋಪ ಬಂತು.

ಬ್ರೇಕು ಚೆನ್ನಾಗಿಯೇ ಹಿಡಿಯಿತು. ಒಂದು ಸದ್ದು ಮಾತ್ರ ಶುರುವಾಯಿತು, ಕೀ ಎಂದು. ಒಳಗೆ ಕೂತವನಿಗೆ ಅದು ದೊಡ್ಡದೇನಲ್ಲ. ಪೊನ್ನಪ್ಪನಿಗೆ ಫೋನ್ ಮಾಡಿದರೆ "ಅದು ಕ್ವಾಲಿಟಿಯ ಸೌಂಡ್" ಎಂದ. ನಾನೂ ಸುಮಿತ್ರಳಿಗೆ ಅದನ್ನೇ ಹೇಳಿದೆ. ಸೋಮವಾರ ಸಂಜೆ ಆಕೆ ಬಂದು, "ಬೆಳಿಗ್ಗೆ ಸ್ವಲ್ಪ ಹೊತ್ತು ಹಿಡಿಯೋದೇ ಇಲ್ಲ ರೀ. ಪೆಡಲು ಕಲ್ಲು ಒತ್ತಿದ ಹಾಗಿರುತ್ತೆ" ಎಂದಳು. ಹೊಸ ಚಪ್ಪಲಿಯೂ ಎರಡು ದಿನ ಕಚ್ಚುವುದಿಲ್ಲವೇ, ಎಂದು ಸಮಾಧಾನ ಹೇಳಿದೆ. ಆಕೆ ನನ್ನನ್ನು ನೋಡಿದ ರೀತಿ ಚಪ್ಪಲಿಯ ಮಾತಿಗೆ ತಕ್ಕುದಾಗಿಯೇ ಇತ್ತು.

ಅದೇ ವಾರ ನಮ್ಮೂರಿಗೆ ಆನೆ ಬಂತು. ಆನೆ ಬರುವುದು ನಮಗೆ ಹೊಸದಲ್ಲ. ಹಲಸಿಗೆ ಬರುತ್ತದೆ, ಬಾಳೆಗೆ ಬರುತ್ತದೆ, ಏನೂ ಇಲ್ಲದಿದ್ದರೆ ನಮ್ಮನ್ನು ನೋಡಿಕೊಂಡು ಹೋಗಲು ಬರುತ್ತದೆ. ಪಕ್ಕದ ಎಸ್ಟೇಟಿನ ರೈಟರ್, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವ ದೇವರಾಜು, ಊರಿನ ವಾಟ್ಸಾಪ್ ಗುಂಪಿನಲ್ಲಿ ಧ್ವನಿ ಸಂದೇಶ ಹಾಕುತ್ತಾನೆ. ಅವನ ಹಿರಿಯರೂ ನಮ್ಮವರ ಹಾಗೆ ಅರಕಲಗೂಡು ಕಡೆಯಿಂದ ಬಂದವರು, ಮಾತಿನಲ್ಲಿ ಆ ಕಡೆಯ ಗಾಳಿ ಇನ್ನೂ ಇದೆ. "ಲೈನ್ ತಿರುವಿನ ಹತ್ರ ಆನೆ ಘೀಳಿಕ್ಕೈತೆ ಕಣ್ರಪ್ಪೋ. ಯಾರೂ ಹೊರಕ್ಕೆ ಬರಬೇಡಿ, ಹುಷಾರು!" ಆಳುಗಳ ಲೈನ್ ಮನೆಗಳಿರುವ ಆ ತಿರುವು ನಮ್ಮ ಮನೆಯಿಂದ ದೊಡ್ಡ ರಸ್ತೆಗೆ ಇಳಿಯುವ ದಾರಿಯಲ್ಲೇ ಇದೆ. ಮಂಜು ಬಿದ್ದ ಜನವರಿಯ ನಸುಕು, ಕೈಯಳತೆಯ ಆಚೆ ಏನೂ ಕಾಣುವುದಿಲ್ಲ. ಘೀಳು ಕೇಳಿದ ಮೇಲೆ ಹೊರಗೆ ಬಂದು ನೋಡುವಷ್ಟು ದಡ್ಡರು ನಮ್ಮಲ್ಲಿ ಯಾರೂ ಇಲ್ಲ. ಮಾರನೆಯ ದಿನವೂ ಆನೆ ಬಂತು, ಅದರ ಮಾರನೆಯ ದಿನವೂ ಬಂತು. ಕಾಫಿ ಪಿಕಿಂಗ್ ಸಮಯದಲ್ಲಿ ಆಳುಗಳು ಹೊತ್ತೇರುವವರೆಗೆ ಲೈನ್ ಬಿಟ್ಟು ಕದಲಲಿಲ್ಲ. ನಾನು ಹಾಲಿಗೆ ಹೋಗುವುದನ್ನು ನಿಲ್ಲಿಸಿ ಕಪ್ಪು ಕಾಫಿ ಕುಡಿದೆ. ಹೊತ್ತಿಗೆ ಸರಿಯಾಗಿ ಬಂದು ಘೀಳಿಟ್ಟು, ಒಂದು ಬಾಳೆಗಿಡವನ್ನೂ ಮುರಿಯದೆ ಹೋಗುವ ಇಂಥ ಶಿಸ್ತಿನ ಆನೆಯನ್ನು ನಾನು ಕಂಡಿರಲಿಲ್ಲ.

ಅನ್ಯಾಯವನ್ನು ಕಂಡರೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸಂಜೆ ಊರಿನವರು ಸೇರಿದಾಗ ಎದ್ದು ನಿಂತು ಭಾಷಣ ಮಾಡಿದೆ. "ನಾವು ತೆರಿಗೆ ಕಟ್ಟೋರು. ನಮ್ಮ ದಾರಿಯಲ್ಲಿ ನಾವು ಓಡಾಡೋಕೆ ಆನೆಯ ಅಪ್ಪಣೆ ಬೇಕಾ? ಅದು ಬರೋ ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ. ನಾಳೆ ಕಾದು ನಿಂತು ಪಟಾಕಿ ಹೊಡೆಯೋಣ. ಪಟಾಕಿ ನಾನು ತರ್ತೀನಿ" ಎಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಚಪ್ಪಾಳೆ ಸಿಕ್ಕುವುದು ಅಪರೂಪ, ಹಾಗಾಗಿ ಇನ್ನೂ ಸ್ವಲ್ಪ ಮಾತಾಡಿದೆ. ಮನೆಗೆ ಬಂದು ಸುಮಿತ್ರಳಿಗೆ ಹುಷಾರು ಹೇಳಿದರೆ ಆಕೆ, "ನಾನು ದಿನಾ ಅದೇ ಹೊತ್ತಿಗೆ ಹೋಗ್ತೀನಲ್ಲ, ನನಗೆ ಒಂದು ದಿನಾನೂ ಯಾವ ಆನೆನೂ ಕೇಳಿಸಿಲ್ಲ" ಎಂದಳು. ನೀನು ದಾಟಿದ ಮೇಲೆ ಬರುತ್ತದೆ, ನಿನ್ನ ಪುಣ್ಯ ದೊಡ್ಡದು ಎಂದೆ. ಇಷ್ಟು ಹೇಳುವಷ್ಟರಲ್ಲೇ ನಿಮಗೆ ವಿಷಯ ತಿಳಿದುಹೋಗಿದೆ, ನನಗೆ ಗೊತ್ತು. ಓದುವವರಿಗೇನು, ಮಂಜಿಲ್ಲ, ಚಳಿಯಿಲ್ಲ, ಆನೆಯ ಭಯವಿಲ್ಲ.

ಮರುದಿನ ನಸುಕಿನಲ್ಲಿ ಸುಮಿತ್ರ ಡಬ್ಬಿಗೆ ಉಪ್ಪಿಟ್ಟು ತುಂಬುತ್ತಿದ್ದಾಗಲೇ ನಾನು ಪಟಾಕಿ ಚೀಲ ಹಿಡಿದು ಅಡ್ಡದಾರಿಯಲ್ಲಿ ಇಳಿದೆ. ದೇವರಾಜು, ಎಸ್ಟೇಟಿನ ವಾಚ್‌ಮನ್, ನಾನು, ಮೂವರೂ ತಿರುವಿನ ಬಳಿ ಸಿಲ್ವರ್ ಓಕ್ ಮರದ ಹಿಂದೆ ಅಡಗಿ ನಿಂತೆವು. ಬಹಳ ಹೊತ್ತಾಯಿತು. ನಾವು ಬಂದು ಸೇರುವ ಮೊದಲೇ ಕಾರು ದಾಟಿ ಹೋಗಿರಬೇಕೆಂದು ನಾನು ಎಣಿಸಿದೆ. ಆಗ ಮೇಲಿನ ಮಂಜಿನೊಳಗಿಂದ ಬಂತು ನೋಡಿ, ಆ ಸದ್ದು. ಕಣಿವೆಗೆ ಬಡಿದು, ತಿರುಗಿ ಬಂದು, ಮೈಯ ರೋಮವೆಲ್ಲ ಎದ್ದು ನಿಲ್ಲುವಂಥ ಘೀಳು. "ಬಂತು ಬಂತು" ಎಂದ ದೇವರಾಜು. "ಹೊಡೀರಿ!" ಎಂದು ಕೂಗಿದವನು ನಾನೇ. ಪಟಾಕಿ ಸರ ಢಮಾರ್ ಎಂದು ಸಿಡಿಯಿತು. ಹೊಗೆಯನ್ನೂ ಮಂಜನ್ನೂ ಸೀಳಿಕೊಂಡು ಹೊರಗೆ ಬಂದದ್ದು ನಮ್ಮ ಕಾರು.

ಪಟಾಕಿಗೆ ಬೆಚ್ಚಿ ಆಕೆ ಬ್ರೇಕ್ ಒತ್ತಿದ್ದು ಕಂಡಿತು. ಚಕ್ರ ಕಿರುಚಿತು, ಕಾರು ನಿಲ್ಲಲಿಲ್ಲ. ನಮ್ಮ ಮೂವರ ಮುಂದೆಯೇ ಹಾದು, ತಿರುವನ್ನು ಬಿಟ್ಟು, ಚರಂಡಿ ದಾಟಿ ಕಾಫಿ ಗಿಡದೊಳಗೆ ಮೂತಿ ತೂರಿಸಿ ನಿಂತಿತು. ಅದರಾಚೆ ಹತ್ತು ಹೆಜ್ಜೆಗೆ ಕೆರೆ. ನಾನು ಹೇಗೆ ಓಡಿದೆನೋ ಗೊತ್ತಿಲ್ಲ, ಮಂಡಿ ಕಟಕ್ ಎನ್ನಲೂ ಇಲ್ಲ. ಬಾಗಿಲು ತೆಗೆದರೆ ಸುಮಿತ್ರ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ತಲೆಯ ಮೇಲೆಲ್ಲ ಉಪ್ಪಿಟ್ಟು. ಪೆಟ್ಟಾಗಿರಲಿಲ್ಲ. "ಒತ್ತಿದೆ ರೀ. ಹಿಡೀಲಿಲ್ಲ" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ, ಬರೀ ಹೆದರಿಕೆಯಾಯಿತು. ಹಿಂದಿನಿಂದ ಬಂದ ದೇವರಾಜು ಕಾರನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, "ಗೌಡ್ರೇ, ಇದಾ ನಿಮ್ಮಾನೆ?" ಎಂದ.

ಸಿಟ್ಟು ಮಧ್ಯಾಹ್ನದ ಹೊತ್ತಿಗೆ ಮರಳಿ ಬಂತು, ದೇವರು ದೊಡ್ಡವನು. ಪೊನ್ನಪ್ಪನಿಗೆ ಫೋನ್ ಮಾಡಿ ಝಾಡಿಸಿದೆ. "ತಪ್ಪು ಪ್ಯಾಡಿನದ್ದಲ್ಲ ಮಾರಾಯ, ಬ್ರೇಕ್ ಬಿಸಿ ಮಾಡಿಕೊಂಡು ಹೊರಡಬೇಕಿತ್ತು" ಎಂದ. ಬಿಸಿ ಮಾಡಿಕೊಂಡು ಹೊರಡಲು ಅದೇನು ಸ್ನಾನದ ನೀರೇ? ಹಂಡೆಗೆ ಉರಿ ಹಾಕಿದ ಹಾಗೆ ದಿನಾ ಬೆಳಿಗ್ಗೆ ನಾಲ್ಕು ಚಕ್ರಕ್ಕೂ ಸೌದೆ ಒಟ್ಟಬೇಕೇ? ಶಾಜಿಯನ್ನು ಕೇಳಿದರೆ, "ನಾನು ಆಗಲೇ ಹೇಳ್ಬೇಕು ಅಂದ್ಕೊಂಡೆ ಸಾರ್" ಎಂದ. ಇವರೆಲ್ಲ ಹೇಳಬೇಕು ಅಂದುಕೊಂಡೇ ನನ್ನ ಸಂಸಾರ ಚರಂಡಿ ದಾಟಿತು. ಕಂಪನಿಯಿಂದ ಬಂದಂಥದೇ ಸಾಮಾನ್ಯ ಪ್ಯಾಡನ್ನು ಮರಳಿ ಹಾಕಿಸಿದೆ. ಊರಿನ ಗುಂಪಿನಲ್ಲಿ ಎರಡು ದಿನ ಆನೆಯ ಚಿತ್ರಗಳೇ ಬಂದವು, ಎಲ್ಲದರ ಕೆಳಗೂ ನನ್ನ ಹೆಸರು. ನಗುವವರು ನಗಲಿ, ಊರ ಬಾಯಿಗೆ ಬ್ರೇಕ್ ಹಾಕುವ ಪ್ಯಾಡನ್ನು ಇನ್ನೂ ಯಾರೂ ಮಾಡಿಲ್ಲ.

ಉಳಿದದ್ದು ಭಾನುವಾರದ ಪ್ರಶ್ನೆ. ಕೇಳಲು ಮುಖವಿರಲಿಲ್ಲ, ಆದರೂ ಕೇಳಿದೆ. ಮುಖಕ್ಕಿಂತ ಆಸೆ ದೊಡ್ಡದು. "ಸಾದಾ ಪ್ಯಾಡ್ ಬಿಸಿಯಾದರೆ ಕೈಬಿಡುತ್ತೆ ಸುಮಿತ್ರಾ. ನಿನ್ನ ರಸ್ತೆಗೆ ಸರಿ. ಟ್ರ್ಯಾಕ್ ಅಂದ್ರೆ ನಿನಗೆ ಗೊತ್ತಿಲ್ಲ, ಅದರ ಕಥೆ ಬೇರೆ" ಎಂದೆ. ಆಕೆ, "ಶನಿವಾರ ಸಂಜೆ ಮಡಿಕೇರಿಗೆ ಬನ್ನಿ. ವಾಪಸ್ ಬರುವಾಗ ನನ್ನ ಪಕ್ಕ ಕೂತ್ಕೊಳ್ಳಿ. ಆಮೇಲೆ ಭಾನುವಾರದ ಮಾತು" ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ಆಕೆ ಓಡಿಸುವಾಗ ನಾನು ಆ ಘಟ್ಟದಲ್ಲಿ ಕೂತವನೇ ಅಲ್ಲ. ಜೊತೆಗೆ ಹೋದಾಗಲೆಲ್ಲ ಸ್ಟಿಯರಿಂಗ್ ನನ್ನದು, ಗಂಡಸಲ್ಲವೇ.

ಶನಿವಾರ ಕೂತೆ. ಬೋಯಿಕೇರಿ ದಾಟಿದ ಮೇಲೆ ನನಗೆ ದಾರಿ ಸರಿಯಾಗಿ ನೆನಪಿಲ್ಲ, ಏಕೆಂದರೆ ಕಣ್ಣು ಮುಚ್ಚಿದ್ದೆ. ಮುಂದೆ ಹೊಗೆ ಕಾರುವ ಟಿಂಬರ್ ಲಾರಿ, ಎದುರಿಗೆ ತಿರುವಿನಲ್ಲೇ ಓವರ್‌ಟೇಕ್ ಮಾಡುವ ಪ್ರವಾಸಿ ಜೀಪು, ನಡುವೆ ಅಡ್ಡ ಬಂದ ದನ. ಸುಮಿತ್ರ ಗೇರ್ ಇಳಿಸಿ, ಒಂದೇ ಒಂದು ಸಲ ಗಟ್ಟಿಯಾಗಿ ಒತ್ತಿ ಬಿಟ್ಟು, ಕಾರನ್ನು ಸೂಜಿಗೆ ನೂಲು ಪೋಣಿಸಿದ ಹಾಗೆ ಎಳೆದುಕೊಂಡು ಹೋಗುತ್ತಿದ್ದಳು. ಜೊತೆಗೆ ಕ್ಲಿನಿಕ್ಕಿನ ವಿಷಯವನ್ನೂ ಹೇಳುತ್ತಿದ್ದಳು, ಯಾರದೋ ಸಕ್ಕರೆ ಏರಿದೆ ಎಂದು. ನನ್ನದು ಏನೇನು ಏರಿತೋ ಅಳೆಯುವವರಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಅಲ್ಲಿಲ್ಲದ ಬ್ರೇಕನ್ನು ಒತ್ತಿ ಒತ್ತಿ ನನ್ನ ಕಾಲು ಮರಗಟ್ಟಿತು. ಪ್ಯಾಡು ಎಲ್ಲಿಯೂ ಕೈಬಿಡಲಿಲ್ಲ, ಕೀ ಎನ್ನಲೂ ಇಲ್ಲ. ಕತ್ತಲಾಗುವ ಹೊತ್ತಿಗೆ ನಮ್ಮ ದಾರಿಗೆ ತಿರುಗಿದೆವು. ಇನ್ನು ಬದುಕಿದೆ ಎಂದುಕೊಳ್ಳುವಷ್ಟರಲ್ಲಿ, ಲೈನ್ ತಿರುವಿನಲ್ಲಿ ಎದುರಿಗೆ ಕಾಫಿ ಚೀಲ ಹೇರಿದ ಟ್ರ್ಯಾಕ್ಟರ್ ಬಂತು. ಆಕೆ ನಿಧಾನಿಸಲಿಲ್ಲ, ಚರಂಡಿಯ ಅಂಚಿಗೆ ಚಕ್ರ ತಾಗಿಸಿ, ಜಾಗ ಇರದ ಕಡೆ ಜಾಗ ಮಾಡಿಕೊಂಡು ದಾಟಿಸಿಬಿಟ್ಟಳು. ನನ್ನ ಬಾಯಿಯಿಂದ ಅದೇನೋ ಸದ್ದು ಹೊರಟಿತು, ಕಿಟಕಿ ಬೇರೆ ತೆರೆದಿತ್ತು. ಮನೆಯ ಅಂಗಳದಲ್ಲಿ ನಿಲ್ಲಿಸಿ ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿದಳು. "ತಗೊಂಡ್ ಹೋಗಿ ನಾಳೆ. ಗದ್ದೆ ತಾನೇ? ಮಕ್ಕಳು ಆಡೋ ಜಾಗ" ಎಂದಳು.

ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಇಬ್ಬರ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ಗುಂಪಿನಲ್ಲಿ ದೇವರಾಜು, ಏದುಸಿರು ಬಿಡುತ್ತಾ: "ಎಲ್ಲಾರೂ ಬಾಗ್ಲು ಹಾಕ್ಕೊಳ್ರಪ್ಪೋ! ಈಗ ಲೈನ್ ತಿರುವಿನಾಗೆ ಮತ್ತೆ ಘೀಳಿಕ್ತು. ಈ ಸಲ ಬ್ರೇಕಲ್ಲ, ಗೌಡ್ರು ಪ್ಯಾಡ್ ಬದಲಾಯ್ಸವ್ರೆ. ಇದು ದಿಟವಾದ ಆನೆನೇ. ಸ್ವರ ಸಣ್ಣಕ್ಕೈತೆ, ಮರಿ ಇರ್ಬೇಕು."

ಸುಮಿತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಇಡೀ ಊರಿಗೆ ಕೇಳುವಂತೆ ಹೇಳಿದಳು: "ಮರಿಯಲ್ಲ ದೇವರಾಜಣ್ಣ, ಮುದಿ ಸಲಗ. ಮನೆಗೆ ಸೇರಿಸಿದ್ದೀನಿ, ಹೆದರಬೇಡಿ."